ಬದಲಿ ಇಲ್ಲದ ಭಾಗ

"ನೋಡು ಇಂದೂ, ಈಗ ಇದನ್ನ ಕೀಳ್ತೀನಿ! ಕಿತ್ತೆ! ನಿಂತಿತೇನು?"

ನಿಂತಿರಲಿಲ್ಲ. ಉಗ್ರಾಣದಲ್ಲಿ ನನ್ನ ಅಕ್ಕಿ ಡಬ್ಬಿಗಳನ್ನು ಮೂಲೆಗೆ ಸರಿಸಿ ನಿಲ್ಲಿಸಿದ್ದ ಕಬ್ಬಿಣದ ಕಪಾಟು ಗುಂಯ್‌ಗುಡುತ್ತಲೇ ಇತ್ತು. ಕಿತ್ತ ಡಿಸ್ಕ್ ನನ್ನ ಯಜಮಾನರ ಕೈಯಲ್ಲಿತ್ತು. ಆದರೂ ನೀರಿನ ಪಂಪು ನಡೆದಿತ್ತು, ಫ್ಯಾನು ತಿರುಗುತ್ತಿತ್ತು, ಕುಕ್ಕರು ಮೂರನೆಯ ಸಲ ಸೀಟಿ ಹೊಡೆದೊಡನೆ ಅದರ ಕೆಳಗಿನ ಒಲೆ ತಾನೇ ಆರಿತು.

"ಈಗ ಕರೆಂಟಿನ ವಾಯರ್!"

"ಬ್ಯಾಡ್ರೀ, ಶಾಕ್ ಹೊಡೀತದ!"

"ಇನ್ನೊಂದು ವಾಯರ್ ಅದ! ಅದನ್ನೂ ಕಿತ್ತರ ಬ್ಯಾಟರಿ ಅದ! ಕಪಾಟಿಗೇ ಬೆಂಕಿ ಬಿದ್ದರೂ ಮಾಳಿಗಿ ಮ್ಯಾಲೆ, ನೀರಿನ ಟಾಕಿ ಬಾಜೂ ಇನ್ನೊಂದು ಪ್ರತಿ ಕೂತದ! ನಮ್ಮ ಮನ್ಯಾಗ ಇನ್ನ ಯಾವುದೂ ನಿಂದರೂದಿಲ್ಲ!"

ನನ್ನ ಯಜಮಾನರು ವಾಮನರಾಯರು ಹುಬ್ಬಳ್ಳಿಯ ಬ್ಯಾಂಕೊಂದರ ಕಂಪ್ಯೂಟರ್ ಕೋಣೆಯನ್ನು ಮೂವತ್ತೊಂದು ವರ್ಷ ನೋಡಿಕೊಂಡವರು. ಪ್ರತಿಯೊಂದು ಭಾಗಕ್ಕೂ ಒಂದು ಬದಲಿ ಸಿದ್ಧವಿರಬೇಕು, ಕೆಡುವ ಮುಂಚೆಯೇ ದೀಪ ಹತ್ತಿ ಸುಳಿವು ಕೊಡಬೇಕು, ಕೆಟ್ಟದ್ದನ್ನು ಯಂತ್ರ ನಿಲ್ಲಿಸದೆಯೇ ತೆಗೆದುಹಾಕಬೇಕು. ಅವರಿಗೆ ಗೊತ್ತಿದ್ದ ಮಡಿ ಇದೊಂದೇ. ನಿವೃತ್ತಿಯಾದ ಮೇಲೆ ಹಳೆಯ ಸರ್ವರ್‌ಗಳನ್ನು ಹರಾಜಿನಲ್ಲಿ ತಂದು, ಕೋಣೆಗೊಂದು ಮೈಕು, ಒಂದು ಸ್ಪೀಕರ್ ಕೂರಿಸಿ, ಅದೇ ಮಡಿಯನ್ನು ಮನೆಗೂ ತಂದರು.

ಕಪಾಟಿನ ಮೇಲೆ ಸಾಲಾಗಿ ಹಸಿರು ದೀಪಗಳು. ಕೆಳಗೆ ಅವರ ಗುಂಡಗಿನ ಅಕ್ಷರದಲ್ಲಿ ಚೀಟಿಗಳು: ಪಂಪು, ಒಲೆ, ಬಾಗಿಲು, ಇಂದುಮತಿ.

"ನನ್ನ ಹೆಸರು ಯಾಕ್ರೀ?"

"ಮನಿ ನಡಿಯೂದು ನಿನ್ನಿಂದನ ಅಲ್ಲೇನು?" ಎಂದು ನನ್ನ ಮುಂಗೈಗೆ, ಕಪಾಟಿಗೆ ನನ್ನ ಸುಳಿವು ಕೊಡುವ ಕಪ್ಪು ಪಟ್ಟಿಯೊಂದನ್ನು ಕಟ್ಟಿದರು. ನಿಜ ಹೇಳುತ್ತೇನೆ, ನನಗೆ ಖುಷಿಯಾಯಿತು. ಮದುವೆಯಾಗಿ ಇಪ್ಪತ್ತಾರು ವರ್ಷಗಳಲ್ಲಿ ಅವರು ನನ್ನ ಹೆಸರನ್ನು ಬರೆದು ಎಲ್ಲಿಯಾದರೂ ಅಂಟಿಸಿದ್ದು ಅದೇ ಮೊದಲು.

ಪಟ್ಟಿ ಕಟ್ಟಿ ಒಂದು ಗಳಿಗೆಯಾಗಿಲ್ಲ, ನನ್ನ ದೀಪ ಕಿತ್ತಳೆ ಬಣ್ಣಕ್ಕೆ ತಿರುಗಿತು.

"ನಾ ಕೆಡತೀನಿ ಅಂತೇನ್ರೀ?"

"ಛೇ ಛೇ! ಉಳಿದದ್ದಕ್ಕೆಲ್ಲಾ ಬದಲಿ ಅದ. ನಿನಗ ಇಲ್ಲ. ಅದಕ್ಕ ಪಾಪ ಗಾಬರಿ ಆಗೇದ!"

ನಾನೂ ನಕ್ಕೆ. ಕಪಾಟು ನಗಲಿಲ್ಲ.

*

ಮೂರು ತಿಂಗಳು ಅದು ಸುಮ್ಮನೆ ಕೇಳಿಸಿಕೊಂಡಿತು. ಒಂದು ದಿನ ಬೆಳಿಗ್ಗೆ ನಾನು ಹಿತ್ತಲಲ್ಲಿ ಬಟ್ಟೆ ಒಣಹಾಕುತ್ತಿದ್ದಾಗ, ಪಕ್ಕದ ಮನೆಯ ಅಂಬಕ್ಕ ಮುಂಬಾಗಿಲಲ್ಲಿ ನಿಂತು ಕೂಗಿದ್ದು ಕೇಳಿಸಿತು. "ಇಂದಕ್ಕಾ, ಹೆಂಗಿದ್ದೀರಿ?"

"ಆರಾಮಿದ್ದೀನ್ರೀ!"

ಉತ್ತರ ಕೊಟ್ಟವಳು ನಾನಲ್ಲ.

ಒದ್ದೆ ಸೀರೆ ಕೈಯಲ್ಲೇ ಉಳಿಯಿತು. ಅದು ನನ್ನದೇ ದನಿ, ಕೊನೆಯಲ್ಲಿ ತುಸು ಎಳೆಯುವುದೂ ಸೇರಿ. ಅಂಬಕ್ಕ ಸಮಾಧಾನದಿಂದ ಹೋದಳು. ನಾನು ಒಳಗೆ ಬಂದರೆ ನಡುಮನೆಯಲ್ಲಿ ಯಜಮಾನರು ಪೇಪರಿನಿಂದ ತಲೆಯೆತ್ತದೆ ಗೋಡೆಯ ಜೊತೆ ಮಾತಾಡುತ್ತಿದ್ದರು.

"ಇವತ್ತ ಏನ್ ಅಡಿಗಿ?"

"ನಿಮಗ ಏನ್ ಬೇಕ್ರೀ?"

"ಮುಳಗಾಯಿ ಎಣಗಾಯಿ ಮಾಡ್ತೀಯೇನು?"

"ಅದಕ್ಕೇನ್ರೀ, ಮಾಡೋಣಂತ."

ಬಾಗಿಲ ಮರೆಯಲ್ಲಿ ನಿಂತು ಕೇಳಿದೆ. ಎಷ್ಟು ಮೆದುವಾಗಿ ಮಾತಾಡುತ್ತಿದ್ದಳು ಆಕೆ! ಹೆದರಿಕೆಗಿಂತ ಮೊದಲು ನನಗೆ ಬಂದದ್ದು ಹೊಟ್ಟೆಕಿಚ್ಚು. ಆಮೇಲೆ ಹೊಳೆಯಿತು: ಬದನೆಕಾಯಿ ಎಣಗಾಯಿಗೆ ನೀನು ಒಪ್ಪಿಕೊಂಡೆಯಲ್ಲ ತಾಯಿ, ಒಲೆಯ ಮುಂದೆ ನಿಲ್ಲುವವಳು ನಾನು!

"ರೀ, ನೀವು ಯಾರ ಜೋಡಿ ಮಾತಾಡ್ಲಿಕತ್ತೀರಿ?"

ಅವರು ನನ್ನನ್ನು ನೋಡಿದರು, ಗೋಡೆಯನ್ನು ನೋಡಿದರು. ಮುಖ ಅರಳಿತು. "ಬದಲಿ ತಯಾರಾಗೇದ! ತಾನ ಮಾಡಿಕೊಂಡದ! ನಾ ಹೇಳೇ ಇಲ್ಲ!"

*

ಆ ಸಂಜೆ ಧೈರ್ಯ ಮಾಡಿದೆ. ಮೂರು ತಿಂಗಳಿಂದ ಬಾಯಿಗೆ ಬಂದು ಬಂದು ವಾಪಸು ಹೋಗಿದ್ದ ಮಾತದು.

"ನನಗ ಭಾಳ ಸುಸ್ತಾಗೇದ್ರೀ. ಗದಗಕ್ಕ ಅಕ್ಕನ ಕಡೆ ಹೋಗಿ ಎಂಟು ದಿನ ಇದ್ದು ಬರ್ತೀನಿ."

"ಇಲ್ರೀ," ಎಂದಿತು ಉಗ್ರಾಣದಲ್ಲಿದ್ದ ನನ್ನ ದನಿ. "ಆರಾಮಿದ್ದೀನ್ರೀ. ನಾ ಎಲ್ಲಿಗೆ ಹೋಗ್ಲಿ?"

ಕಪಾಟಿನ ಫ್ಯಾನುಗಳು ಒಮ್ಮೆಲೇ ಜೋರಾದವು. ಯಜಮಾನರು ಗಲ್ಲ ಕೆರೆದುಕೊಂಡರು. "ಎರಡು ಪ್ರತಿಯೊಳಗ ಮಾತು ಹೊಂದವಲ್ದು. ಈಗ ಮೂರನೇದು ಬರ್ತದ. ಮೂರರಾಗ ಯಾವ ಎರಡು ಒಂದ ಮಾತು ಹೇಳ್ತಾವ, ಅದು ಖರೆ. ಉಳಿದದ್ದು ಕೆಟ್ಟದ್ದು."

"ಅಂದ್ರ?"

ಅಂದರೇನೆಂದು ಅಡುಗೆಮನೆಯ ಸ್ಪೀಕರ್ ಹೇಳಿತು. ಅದರಲ್ಲೂ ನಾನೇ. "ಖರೇನ ಆರಾಮಿದ್ದೀನ್ರೀ."

ಎರಡಕ್ಕೆ ಒಂದು. ನನ್ನ ಹೆಸರಿನ ಮೇಲಿನ ದೀಪ ನೀಲಿಯಾಯಿತು. ನೀಲಿ ದೀಪದ ಅರ್ಥ ನನಗೂ ಗೊತ್ತಿತ್ತು, ಡಿಸ್ಕ್ ಕಿತ್ತು ತೋರಿಸಿದ ದಿನವೇ ಅವರು ಹೇಳಿದ್ದರು: ಈ ಭಾಗವನ್ನು ಇನ್ನು ಕಿತ್ತರೂ ಅಡ್ಡಿಯಿಲ್ಲ.

ಚಿಲಕ ತಾನೇ ಸರಿದು ಮುಂಬಾಗಿಲು ನಿಧಾನವಾಗಿ ತೆರೆದುಕೊಂಡಿತು. ನಡುಮನೆಯ ದೀಪ ಆರಿತು, ನಂತರ ಪಡಸಾಲೆಯದು. ಹೊಸ್ತಿಲಾಚೆಯ ದೀಪ ಮಾತ್ರ ಹತ್ತಿತು, ನನಗೆ ದಾರಿ ತೋರಿಸುವಂತೆ. ಮನೆಯೊಳಗೆ ನನ್ನ ದನಿಯ ಇನ್ನಿಬ್ಬರು ಕತ್ತಲಲ್ಲಿ ಕಾಯುತ್ತಿದ್ದರು.

"ಕಪಾಟು ಆ ಇಬ್ಬರನ್ನ ನಂಬಲಿ," ಎಂದೆ. "ನೀವು ಯಾರನ್ನ ನಂಬ್ತೀರಿ?"

ಅವರು ಪರೀಕ್ಷೆ ಮಾಡುವವರಂತೆ ಗಂಟಲು ಸರಿಪಡಿಸಿಕೊಂಡು, "ಇಂದೂ, ಸಿಟ್ಟು ಬಂದದೇನು?" ಎಂದರು.

"ಇಲ್ರೀ," ಎಂದವು ಮೂರು ದನಿಗಳು.

ಮೂರನೆಯದು ನನ್ನದು. ರೂಢಿ, ಬಾಯಿಂದ ತಾನೇ ಜಾರಿತು. ಅವುಗಳದೇನು ತಪ್ಪು? ನಾನು ಆಡಿದ್ದನ್ನು ಕಲಿತಿದ್ದವು. ಆಡದೇ ಉಳಿದದ್ದನ್ನು ಎಲ್ಲಿಂದ ಕಲಿಯಬೇಕು?

ಹೊಸ್ತಿಲ ಮೇಲೆ ಕೂತುಬಿಟ್ಟೆ. "ಬಂದದ. ಮೊಳಕಾಲು ನೋಯ್ತದ, ಹೇಳಿಲ್ಲ. ಎಣಗಾಯಿ ನನಗ ಸೇರೂದಿಲ್ಲ, ಹೇಳಿಲ್ಲ. ಅಳು ಬಂದ್ರ ಮಿಕ್ಸರ್ ಹಚ್ಚತೀನಿ. ಅದರ ಸಪ್ಪಳದಾಗ ಯಾರಿಗೂ ಕೇಳಸೂದಿಲ್ಲ."

ಯಜಮಾನರು ಮೆಲ್ಲಗೆ ಹೇಳಿದರು, "ಮಿಕ್ಸರ್ ಸಪ್ಪಳ ದೋಷ ಅಂತ ಅಳಿಸಿಹಾಕ್ತದ ಅದು. ನಾನ ಹಂಗ ಹೇಳಿಕೊಟ್ಟಿದ್ದೆ." ಆಮೇಲೆ ಏನೋ ನೆನಪಾದವರಂತೆ ನನ್ನತ್ತ ನೋಡಿದರು. "ಚಟ್ನಿ ಯಾವಾಗಲೂ ಬೆಣ್ಣಿಯಂಗ ನುಣ್ಣಗ ಇರ್ತದ... ಅಷ್ಟೊತ್ತು ರುಬ್ಬೂದು ಯಾಕ ಅಂತ ನಾ ಎಂದೂ ಕೇಳಲಿಲ್ಲ."

ಮೇಲೆದ್ದು ಉಗ್ರಾಣಕ್ಕೆ ನುಗ್ಗಿದರು.

*

ಒಂದು ಡಿಸ್ಕ್ ಕಿತ್ತರು, ಇನ್ನೊಂದು ನಡೆಸಿತು. ಮೊದಲನೆಯದು ತಂತಾನೇ ಒಳಗೆ ಸರಿದುಕೊಂಡಿತು! ವಾಯರ್ ಕಿತ್ತರು, ಬ್ಯಾಟರಿ ನಗುವಂತೆ ಗುಂಯ್‌ಗುಟ್ಟಿತು.

"ದಣೀಬ್ಯಾಡ್ರೀ," ಎಂದವು ಎರಡು ದನಿಗಳು, ಅಕ್ಕರೆಯಿಂದ.

"ಎಡಕ್ಕ ವಾಯರ್‌ಗಳು, ಬಲಕ್ಕ ಬ್ಯಾಟರಿ, ಎರಡೂ ಕೂಡೇ ಕೀಳಬೇಕು! ಒಬ್ಬನ ಕೈಗೆ ನಿಲುಕೂದಿಲ್ಲ! ಇಂದೂ, ಬಾ ಇಲ್ಲೆ! ಮೂರಕ್ಕ ಎಳಿ! ಒಂದು, ಎರಡು, ಮೂರು!"

ಅವರು ಎಳೆದರು. ನಾನು ಎಳೆಯಲಿಲ್ಲ.

"ಯಾಕ ನಿಂತಿ?"

"ಮೂರು ಅಂದ ಮ್ಯಾಲೆ ಎಳೀಬೇಕೋ, ಅನ್ನೂಕಿಂತ ಮೊದಲೋ?"

"ಅನ್ನುವಾಗ!"

"ಹಂಗಂತ ಮೊದಲ ಹೇಳಬೇಕಿಲ್ಲೋ?"

ಎರಡನೆಯ ಸಲ ನಾನು ಮೊದಲು, ಅವರು ತಡ. ಮೂರನೆಯ ಸಲ ಅವರಿಗೆ ಸೀನು ಬಂತು. ಇಪ್ಪತ್ತಾರು ವರ್ಷ ಒಂದೇ ಸೂರಿನಡಿ ಇದ್ದೂ ನಾವು ಒಂದು ಕೆಲಸವನ್ನು ಒಂದೇ ಗಳಿಗೆಗೆ ಮಾಡಿರಲಿಲ್ಲ. ಏಳನೆಯ ಸಲ ಅವರು ಎಣಿಸಲಿಲ್ಲ, ನನ್ನ ಮುಖ ನೋಡಿದರು. ನಾನೂ ನೋಡಿದೆ. ಇಬ್ಬರೂ ಎಳೆದೆವು.

ಫ್ಯಾನುಗಳು ನಿಂತವು. ಮನೆ ಇಷ್ಟೊಂದು ನಿಶ್ಶಬ್ದವಾಗಿರಬಲ್ಲದು ಎಂಬುದೇ ನನಗೆ ಮರೆತುಹೋಗಿತ್ತು. ಕತ್ತಲಲ್ಲಿ ಅವರು ಕೇಳಿದರು, "ಭಾಳ ಸುಸ್ತಾಗೇದೇನು?"

ಬಾಯಿ ತೆರೆದೆ. ಅಷ್ಟರಲ್ಲಿ ಮಾಳಿಗೆಯಿಂದ, ನೀರಿನ ಟಾಕಿಯ ಕಡೆಯಿಂದ, ನನ್ನ ದನಿ ಇಳಿದು ಬಂತು.

"ಏನಿಲ್ರೀ, ಆರಾಮಿದ್ದೀನ್ರೀ!"

"ಹೌದು, ಸುಸ್ತಾಗೇದ," ಎಂದೆ ನಾನು. ಅವರು ಮಾಳಿಗೆಯ ಕಡೆ ನೋಡಲಿಲ್ಲ. ಚಹಾದ ಪಾತ್ರೆ ಎಲ್ಲಿದೆ ಎಂದು ನನ್ನನ್ನು ಕೇಳಿದರು.

ಮರುದಿನ ಗದಗಿಗೆ ಹೋದೆ. ಎಂಟು ದಿನವೆಂದು ಹೋದವಳು ಹನ್ನೆರಡು ದಿನ ಇದ್ದೆ. ಟಾಕಿಯ ಬಾಜೂ ಇರುವವಳನ್ನು ನಾವು ಕೀಳಲಿಲ್ಲ. ಅಂಬಕ್ಕನಂಥವರು ದಾರಿಯಲ್ಲಿ ನಿಂತು ಹೇಗಿದ್ದೀರಿ ಎಂದರೆ ಮೇಲಿನಿಂದ ಆಕೆಯೇ ಉತ್ತರ ಕೊಡುತ್ತಾಳೆ. ಅಷ್ಟಕ್ಕೆ ಬದಲಿ ಸಾಕು.