ನನ್ನ ಗಂಡನ ವಿಗ್ಗು ದಯಮಾಡಿ ರಾಜೀನಾಮೆ ಕೊಡಬೇಕೆಂದು ಕೋರಿ

ಮಾನ್ಯ ವಿಗ್ ಮಹಾಶಯರೇ,

ತಮ್ಮ ಪಾದಗಳಿಗೆರಗೋಣವೆಂದರೆ ತಮಗೆ ಪಾದಗಳಿಲ್ಲ, ಕೈ ಕುಲುಕೋಣವೆಂದರೆ ಕೈಯೂ ಇಲ್ಲ, ಆದ್ದರಿಂದ ಡ್ರೆಸ್ಸಿಂಗ್ ಟೇಬಲ್ಲಿನ ಮೇಲೆ ಥರ್ಮಕೋಲಿನ ತಲೆಯೊಂದನ್ನೇರಿ ವಿರಾಜಮಾನರಾಗಿರುವ ತಮಗೆ, ಅದೇ ಕೋಣೆಯ ಮಂಚದ ತುದಿಯಲ್ಲಿ, ಗೊರಕೆ ಹೊಡೆಯುತ್ತಿರುವ ಯಜಮಾನರ ಪಕ್ಕ ಕೂತು ಬರೆಯುತ್ತಿರುವ ನನ್ನ ಅನಂತ ಪ್ರಣಾಮಗಳು. ತಮ್ಮ ಆರೋಗ್ಯ ವಿಚಾರಿಸುವ ಅಗತ್ಯವಿಲ್ಲ. ತಮ್ಮನ್ನು ಎಳೆಮಕ್ಕಳ ಶಾಂಪೂ ಹಾಕಿ ಮೀಯಿಸಿ, ಫ್ಯಾನಿನ ಗಾಳಿಗೆ ಒಣಗಿಸಿ, ಹಣೆಯ ಮೇಲೆ ಬೀಳಬೇಕಾದ ಆ ಜಗತ್ಪ್ರಸಿದ್ಧ ಸುರುಳಿಯನ್ನು ಪೆನ್ಸಿಲ್ಲಿಗೆ ಸುತ್ತಿ ಕ್ಲಿಪ್ಪು ಹಾಕಿಡುವವಳು ನಾನೇ, ಅಂದರೆ ತಾವು ದಿನವೂ ಹತ್ತಿ ಕೂರುವ ತಲೆಯ ಎರಡನೆಯ ಹೆಂಡತಿ. ಮನೆಯೊಳಗಿನ ವಿಷಯವನ್ನು ಊರಿಗೆಲ್ಲ ಕೇಳುವಂತೆ ಸಿನಿಮಾ ವಾರಪತ್ರಿಕೆಯ ಮೂಲಕ ಹೇಳುತ್ತಿರುವುದಕ್ಕೆ ಕ್ಷಮೆಯಿರಲಿ. ಗಂಡನಿಗೆ ಹೇಳಿ ನೋಡಿದೆ, ಆದರೆ ಅವರ ಎರಡೂ ಕಿವಿಗಳನ್ನು ತಾವು ಅರ್ಧ ಮುಚ್ಚಿಕೊಂಡಿದ್ದೀರಿ.

ಮೊದಲಿಗೆ ತಮ್ಮ ಘನ ಪರಂಪರೆಯನ್ನು ಸ್ಮರಿಸುವುದು ನನ್ನ ಕರ್ತವ್ಯ. ಯಜಮಾನರಿಗೆ ಮೀಸೆ ಚಿಗುರುವ ಮೊದಲೇ ಸಿನಿಮಾ ಚಿಗುರಿತು. ಹದಿನಾರರ ಹುಡುಗ ಕೈಬಿಟ್ಟು ಸೈಕಲ್ ಹೊಡೆಯುತ್ತಾ, ಹಾಡುತ್ತಾ ಬಂದು ಕತ್ತು ಕೊಡವಿ, ಒಂದು ಸುರುಳಿ ಕೂದಲು ಹಣೆಯ ಮೇಲೆ ಬಿದ್ದದ್ದೇ ತಡ, ದೇಶಕ್ಕೆ ದೇಶವೇ ಬಿದ್ದುಹೋಯಿತು. ಸಲೂನುಗಳ ಮುಂದೆ ಹುಡುಗರು ಪತ್ರಿಕೆಯ ಚಿತ್ರ ಹಿಡಿದು ಸಾಲು ನಿಂತರು, ಶಾಲೆಯ ಗೇಟಿನಲ್ಲಿ ಹೆಡ್‌ಮಾಸ್ಟರುಗಳು ಕತ್ತರಿ ಹಿಡಿದು ನಿಂತರು, ಹುಡುಗಿಯರು ನೋಟ್‌ಬುಕ್ಕಿನ ಕೊನೆಯ ಹಾಳೆಯಲ್ಲಿ ಬರೀ ಸುರುಳಿಯೊಂದನ್ನು ಬರೆದು ಅದಕ್ಕೇ ಮುತ್ತು ಕೊಟ್ಟರು. ಮುಖ ಬರೆಯುವ ಗೋಜಿಗೆ ಯಾರೂ ಹೋಗಲಿಲ್ಲ. ಆ ಕಾಲದ ಕೂದಲು ಅಸಲಿಯಾಗಿತ್ತು, ತಾವು ಅದರ ವಾರಸುದಾರರು ಮಾತ್ರ, ಆದರೂ ವಂಶದ ಕೀರ್ತಿಯನ್ನು ತಾವು ಕಾಪಾಡಿಕೊಂಡು ಬಂದಷ್ಟು ನಿಷ್ಠೆಯಿಂದ ಹೊಟ್ಟೆಯ ಮಕ್ಕಳೂ ಕಾಪಾಡುವುದಿಲ್ಲ.

ಆಮೇಲೆ ಹುಡುಗ ಬೆಳೆದ. ನಿರ್ಮಾಪಕರು ಇಂದಿಗೂ ಕ್ಷಮಿಸದ ತಪ್ಪು ಅದೊಂದೇ. ದನಿ ಒಡೆಯಿತು, ಭುಜ ಅಗಲವಾಯಿತು, ಸೈಕಲ್ಲು ಚಿಕ್ಕದಾಯಿತು, ಮೂರು ಸಿನಿಮಾ ಸಾಲಾಗಿ ಮಕಾಡೆ ಮಲಗಿದವು. ಜೊತೆಗೆ ನಟಿಸಿದ ಹುಡುಗಿಯನ್ನೇ ಮದುವೆಯಾದರು, ಮದುವೆಯಲ್ಲಿ ನೆಂಟರಿಗಿಂತ ಫೋಟೋದವರೇ ಹೆಚ್ಚಿದ್ದರಂತೆ, ಬೇರೆಯಾದ ದಿನ ಕೋರ್ಟಿನ ಮುಂದೆ ಅದಕ್ಕೂ ಹೆಚ್ಚು. ಆ ಅಕ್ಕ ಒಳ್ಳೆಯವರು, ಈಗಲೂ ನನಗೆ ಫೋನ್ ಮಾಡಿ ‘ಕುಡೀತಿದಾನಾ, ಬಿಟ್ಟಿದಾನಾ’ ಎಂದು ಕೇಳುತ್ತಾರೆ. ಕುಡಿತದ ಭರದಲ್ಲಿ ಯಜಮಾನರು ಕಾರನ್ನು ಹಾಲಿನ ಗಾಡಿಗೆ ಗುದ್ದಿಸಿದಾಗ ಪತ್ರಿಕೆಯವರು ‘ಕ್ಷೀರಸ್ನಾನ ಮಾಡಿದ ತಾರೆ’ ಎಂದು ತಲೆಬರಹ ಕೊಟ್ಟು ನಕ್ಕರು. ಅಭಿಮಾನಿಗಳು ಹೋದರು, ಸ್ನೇಹಿತರು ಹೋದರು, ಕೊನೆಗೆ ಕೂದಲೂ ಯಾರಿಗೂ ಹೇಳದೆ ಒಂದೊಂದಾಗಿ ಜಾಗ ಖಾಲಿ ಮಾಡಿತು. ಎಲ್ಲರೂ ಕೈಬಿಟ್ಟ ಆ ಹೊತ್ತಿನಲ್ಲಿ ಅವರ ತಲೆ ಕಾಯಲು ಬಂದವರು ತಾವೊಬ್ಬರೇ ಎಂಬುದನ್ನು ನಾನು ಯಾವ ಸಭೆಯಲ್ಲಿ ಬೇಕಾದರೂ ಒಪ್ಪಿಕೊಳ್ಳುತ್ತೇನೆ.

ತಮಗೂ ನನಗೂ ಪರಿಚಯವಾದದ್ದು ನನ್ನ ಅಂಗಡಿಯಲ್ಲಿ. ನಾನು ಕನ್ನಡಕದ ಅಂಗಡಿಯಲ್ಲಿ ಕಣ್ಣು ಪರೀಕ್ಷೆ ಮಾಡುವವಳು. ಸ್ಕ್ರಿಪ್ಟಿನ ಅಕ್ಷರ ಕಾಣಿಸುತ್ತಿಲ್ಲವೆಂದು ಯಾರಿಗೂ ಗೊತ್ತಾಗದಂತೆ ತೋರಿಸಿಕೊಳ್ಳಲು ಬಂದಿದ್ದರು. ಗಾಜು ಬದಲಿಸಿ ಬದಲಿಸಿ ನೋಡುವ ಚೌಕಟ್ಟನ್ನು ಮೂಗಿನ ಮೇಲೆ ಕೂರಿಸಿದರೆ ತಮ್ಮ ಸುರುಳಿ ಪದೇ ಪದೇ ಗಾಜಿಗೆ ಅಡ್ಡ ಬರುತ್ತಿತ್ತು, ಸ್ವಲ್ಪ ಮೇಲೆತ್ತಿಕೊಳ್ಳಿ ಸಾರ್ ಎಂದೆ, ಎತ್ತಿದರೆ ಸುರುಳಿಯ ಜೊತೆ ತಾವೂ ಇಡಿಯಾಗಿ ಮೇಲೆ ಬಂದಿರಿ. ಕಳ್ಳತನದಲ್ಲಿ ಸಿಕ್ಕಿಬಿದ್ದವರ ಹಾಗೆ ಅವರು ನನ್ನನ್ನು ನೋಡಿದರು, ಗಾಜಿನೊಳಗಿಂದ ಕಣ್ಣು ಎರಡರಷ್ಟು ದೊಡ್ಡದಾಗಿ ಕಾಣುತ್ತಿತ್ತು. ‘ಬೋರ್ಡು ಓದಿ ಸಾರ್’ ಎಂದೆ, ತೆಪ್ಪಗೆ ಕೊನೆಯ ಸಾಲಿನವರೆಗೂ ಓದಿದರು. ನಾನು ಮೆಚ್ಚಿದ್ದು ಆ ಕಣ್ಣನ್ನು, ತಮ್ಮನ್ನಲ್ಲ. ಇದನ್ನು ತಮಗೆ ಬೇಸರವಾಗುವುದೆಂದು ಇಷ್ಟು ದಿನ ಹೇಳಿರಲಿಲ್ಲ.

ಈಗ ದೂರಿಗೆ ಬರುತ್ತೇನೆ. ಹಳೆಯ ಹಾಡುಗಳ ಸಂಜೆ ಎಂದು ಹೋಟೆಲಿನ ಸಭಾಂಗಣಗಳಲ್ಲಿ ನಡೆಯುವ ಕಾರ್ಯಕ್ರಮಗಳಿಗೆ ತಾವು ಯಜಮಾನರನ್ನು ಕರೆದೊಯ್ಯುತ್ತೀರಿ. ಅಲ್ಲಿ ಅವರು ಮಂಡಿಗೆ ಪಟ್ಟಿ ಕಟ್ಟಿಕೊಂಡು ಸೈಕಲ್ ಹಾಡಿಗೆ ಕುಣಿಯುತ್ತಾರೆ, ಮೊಮ್ಮಕ್ಕಳನ್ನು ಎತ್ತಿ ಆಡಿಸುವ ವಯಸ್ಸಿನ ಹೆಂಗಸರು ಹದಿನಾಲ್ಕರ ಹುಡುಗಿಯರಾಗಿ ಕೂಗುತ್ತಾರೆ, ಆಮೇಲೆ ಪಕ್ಕದಲ್ಲಿ ನಿಂತು ಸೆಲ್ಫಿ ತೆಗೆಸಿಕೊಂಡು ‘ಸಾರ್, ನೀವು ಚೂರೂ ಬದಲಾಗಿಲ್ಲ’ ಎನ್ನುತ್ತಾರೆ. ಆ ಮಾತು ತಮಗೆ ಸಲ್ಲಬೇಕಾದದ್ದು, ತಾವು ನಿಜವಾಗಿಯೂ ಬದಲಾಗಿಲ್ಲ. ಬದಲಾದವರು ಮಾತ್ರ ಪರದೆಯ ಹಿಂದೆ ಹೋಗಿ ಬಾಟಲಿ ಹಿಡಿದು ಕೂರುತ್ತಾರೆ. ಮನೆಯಲ್ಲಿರುವ ದಿನ ಒಂದು ಹನಿ ಮುಟ್ಟದ ಮನುಷ್ಯ ತಮ್ಮ ಜೊತೆ ಹೊರಗೆ ಹೋದ ದಿನ ಎರಡು ಕಾಲ ಮೇಲೆ ಮನೆಗೆ ಬಂದದ್ದಿಲ್ಲ. ಹೋದ ಸಲ ಬಚ್ಚಲಿನ ಹೊಸ್ತಿಲಲ್ಲಿ ಮುಗ್ಗರಿಸಿ ಹುಬ್ಬು ಒಡೆದುಕೊಂಡರು, ತಮ್ಮ ಒಂದೆಳೆಯೂ ಕೊಂಕಲಿಲ್ಲ. ಇನ್ನೊಂದು ಸಲ ಹೀಗೆ ಕುಡಿದರೆ ನನ್ನ ಹತ್ತಿರ ಕರೆತರಬೇಡಿ ಎಂದು ಲಿವರ್ ನೋಡುವ ಡಾಕ್ಟರು ಹೇಳಿಬಿಟ್ಟಿದ್ದಾರೆ. ನನಗೆ ಭಯವಾಗಿದೆ ಮಹಾಶಯರೇ, ತಮಾಷೆಗೆ ಹೇಳುತ್ತಿಲ್ಲ.

ಆದ್ದರಿಂದ ತಮ್ಮಲ್ಲಿ ಕೆಲವು ಸಣ್ಣಪುಟ್ಟ ಬೇಡಿಕೆಗಳು. ದಯವಿಟ್ಟು ಸ್ವಲ್ಪ ನರೆಯಿರಿ. ಸ್ನಾನಕ್ಕೆ ನಾಲ್ಕೆಳೆಯಾದರೂ ಉದುರಿಸಿ ನಮ್ಮ ಕಷ್ಟಸುಖದಲ್ಲಿ ಭಾಗಿಯಾಗಿರಿ. ರಕ್ತಪರೀಕ್ಷೆಗೆ ಬೆಳಗ್ಗೆ ಖಾಲಿ ಹೊಟ್ಟೆಯಲ್ಲಿ ತಾವೇ ಹೋಗಿ ಸೂಜಿ ಚುಚ್ಚಿಸಿಕೊಂಡು ಬನ್ನಿ. ಅದೂ ಆಗದಿದ್ದರೆ, ಮುಂದಿನ ಹಾಡಿನ ಸಂಜೆಗೆ ತಾವೊಬ್ಬರೇ ಹೋಗಿ ಕುಣಿದು ಬನ್ನಿ, ನೋಡುವವರಿಗೆ ವ್ಯತ್ಯಾಸ ಗೊತ್ತಾಗಲಾರದು, ಯಜಮಾನರು ಮನೆಯಲ್ಲಿ ನನ್ನ ಜೊತೆ ಕೂತು ಬಟಾಣಿ ಬಿಡಿಸುತ್ತಾರೆ.

ರಾಜೀನಾಮೆಯ ಮಾತು ಈಗಲೇ ಏಕೆಂದರೆ, ಒಬ್ಬ ಹೊಸ ನಿರ್ದೇಶಕಿ ಟೀವಿ ಧಾರಾವಾಹಿಯೊಂದರಲ್ಲಿ ಯಜಮಾನರಿಗೆ ಒಂದು ಪಾತ್ರ ಕೊಡಲು ಮುಂದೆ ಬಂದಿದ್ದಾರೆ. ಡ್ರೈವಿಂಗ್ ಶಾಲೆಯ ಮೇಷ್ಟರ ಪಾತ್ರ, ಹುಡುಗಿಯ ತಂದೆ, ದಿನವೂ ಮಾತು, ದಿನವೂ ಕೆಲಸ. ಷರತ್ತು ಒಂದೇ, ಬೋಳುತಲೆಯಲ್ಲಿ ಬರಬೇಕು. ‘ಜನ ನನ್ನನ್ನ ಗುರುತು ಹಿಡಿಯಲ್ವಲ್ಲೇ’ ಎಂದು ಯಜಮಾನರು ವಾರವಿಡೀ ಕೋಣೆಯಿಂದ ಕೋಣೆಗೆ ತಿರುಗಿದರು. ಗುರುತು ಹಿಡಿದು ಜನ ಉದ್ಧಾರ ಮಾಡಿದ್ದು ಸಾಕು ಎಂದು ನಾನು ಹೇಳಿದ್ದು ಮೇಲೆ ತಿಳಿಸಿದ ಕಾರಣಕ್ಕೆ ಕಿವಿಗೆ ಬೀಳಲಿಲ್ಲ.

ಹಾಗಾದರೆ ತಮ್ಮನ್ನು ಎಂದೋ ಒಲೆಗೆ ಹಾಕಬಹುದಿತ್ತಲ್ಲ ಎಂದು ಓದುಗರು ಕೇಳಬಹುದು. ಹಾಕದಿರಲು ಕಾರಣ ನನ್ನ ಅತ್ತೆ. ವೃದ್ಧರ ಆರೈಕೆ ಮಾಡುವ ಮನೆಯೊಂದರಲ್ಲಿ, ಕಿಟಕಿ ಪಕ್ಕದ ಹಾಸಿಗೆಯಲ್ಲಿ ಇದ್ದಾರೆ, ನೆನಪು ಪೂರ್ತಿ ಕೈಕೊಟ್ಟಿದೆ. ಸೊಸೆ ಎಂದರೆ ನರ್ಸು, ನರ್ಸು ಎಂದರೆ ಸೊಸೆ. ಆದರೆ ತಾವು ತಲೆಯ ಮೇಲಿದ್ದರೆ ಮಗನ ಗುರುತು ತಟ್ಟನೆ ಹತ್ತುತ್ತದೆ, ಮುಖ ಅರಳುತ್ತದೆ. ಆದ್ದರಿಂದ ಪ್ರತಿ ಭಾನುವಾರ ಯಜಮಾನರು ತಮ್ಮನ್ನು ಧರಿಸಿಕೊಂಡು ಹೋಗಿ ತಾಯಿಗೆ ಮಗನಾಗಿ ಬರುತ್ತಾರೆ. ಈ ಒಂದು ಸೇವೆಗೆ ಮಾತ್ರ ನಾನು ತಮಗೆ ನಿಜವಾಗಿಯೂ ಕೃತಜ್ಞಳು.

ಆದರೆ ಮೊನ್ನೆ ಶನಿವಾರ ತಮ್ಮನ್ನು ಬಕೆಟ್ಟಿನಲ್ಲಿ ಮುಳುಗಿಸಿ ಮರೆತವಳು ನಾನೇ, ಮರೆತದ್ದು ಬೇಕೆಂದೇ. ಭಾನುವಾರ ತಾವು ಒದ್ದೆ ಬೆಕ್ಕಿನ ಹಾಗೆ ತೊಟ್ಟಿಕ್ಕುತ್ತಿದ್ದಿರಿ, ಯಜಮಾನರು ನನಗೆ ಬೈಯುತ್ತಲೇ ಬೋಳುತಲೆಯಲ್ಲಿ ನನ್ನ ಜೊತೆ ಹೊರಟರು. ಅತ್ತೆ ‘ಯಾರಪ್ಪಾ’ ಎಂದರು. ಇವರು ತಡವರಿಸಿ ‘ಕನ್ನಡಕ ರಿಪೇರಿಯವನಮ್ಮಾ’ ಎಂದುಬಿಟ್ಟರು. ಅತ್ತೆ ನಂಬಿ ಕನ್ನಡಕ ತೆಗೆದುಕೊಟ್ಟರು, ಇವರು ನನ್ನ ಪರ್ಸಿನ ಸ್ಕ್ರೂಡ್ರೈವರ್ ಇಸಿದುಕೊಂಡು ಅದರ ಕಡ್ಡಿ ಬಿಗಿ ಮಾಡುತ್ತಾ ಕೂತರು. ಆಗ ಅತ್ತೆ ತಮ್ಮ ಪಾಡಿಗೆ ತಾವು ಹೇಳತೊಡಗಿದರು: ‘ನನ್ ಮಗ ದೊಡ್ಡ ಹೀರೋ ಕಣಪ್ಪಾ. ಪಾಪ, ಮಗೂಗೆ ನಿದ್ದೇನೇ ಇರ್ಲಿಲ್ಲ. ಬೆಳಗಾಗೋ ಮೊದ್ಲೇ ಗಾಡಿ ಬಂದು ಹಾರ್ನ್ ಹೊಡೀತಿತ್ತು, ಇವನು ಏಳ್ತಿರ್ಲಿಲ್ಲ, ನಾನು ಮುಖಕ್ಕೆ ತಣ್ಣೀರು ಎರಚಿ ಎಬ್ಬಿಸ್ತಿದ್ದೆ. ಹಾಗೇ ಒದ್ದೆ ಕೂದ್ಲು ಹಣೆಗೆ ಅಂಟಿಸ್ಕೊಂಡು ಹೋಗಿ ಕ್ಯಾಮೆರಾ ಮುಂದೆ ನಿಂತ, ಅದನ್ನೇ ಸ್ಟೈಲು ಅಂದ್ರು ಜನ. ಒಂದಿನ ಮಲಗಿರ್ಲಿ ಅಂತ ಬಿಟ್ಟಿದ್ರೆ ನನ್ ಗಂಟೇನು ಹೋಗ್ತಿತ್ತು?’ ಯಜಮಾನರು ಬಿಗಿಯಾಗಿದ್ದ ಸ್ಕ್ರೂವನ್ನೇ ಇನ್ನಷ್ಟು ಹೊತ್ತು ತಿರುಗಿಸಿದರು.

ಮನೆಗೆ ಬಂದವರು ಊಟ ಮಾಡಿ ಮಲಗಿದರು. ಇಂದು ಸೋಮವಾರ, ಹತ್ತು ಗಂಟೆಗೆ ಧಾರಾವಾಹಿಯವರ ಟೆಸ್ಟು, ಈಗ ಹತ್ತು ದಾಟಿಹೋಗಿದೆ, ಇನ್ನೂ ಎದ್ದಿಲ್ಲ. ನಾನು ಎಬ್ಬಿಸುತ್ತಿಲ್ಲ. ಫೋನ್ ಮಾಡಿದ ನಿರ್ದೇಶಕಿಗೆ ಮಲಗಿದ್ದಾರೆ ಎಂದೇ ಹೇಳಿದೆ. ಮೂರಕ್ಕೆ ಬಂದರೆ ಸರಿ, ಆಮೇಲೆ ಬೇರೆಯವರನ್ನು ನೋಡಿಕೊಳ್ಳುತ್ತೇನೆ ಎಂದು ಸಿಟ್ಟಿನಲ್ಲೇ ಫೋನ್ ಇಟ್ಟರು. ಪಾತ್ರ ಕೈತಪ್ಪಿದರೂ ತಪ್ಪೀತು. ಎದ್ದ ಮೇಲೆ ತಮ್ಮತ್ತ ಕೈ ಚಾಚುತ್ತಾರೋ, ಪಕ್ಕದಲ್ಲಿರುವ ಕನ್ನಡಕದತ್ತ ಚಾಚುತ್ತಾರೋ ನನಗೆ ಗೊತ್ತಿಲ್ಲ, ತಮ್ಮನ್ನು ಬಚ್ಚಿಡುವ ಆಸೆಯಾದರೂ ಬಚ್ಚಿಟ್ಟಿಲ್ಲ. ತಾವೇ ಮನಸ್ಸು ಮಾಡಿ ಸ್ವಲ್ಪ ಆ ಕಡೆ ಸರಿದು ಕೂತರೆ ಬಹಳ ಉಪಕಾರವಾಗುತ್ತದೆ.

ಇಷ್ಟು ವರ್ಷ ತಮಗೆ ಕ್ಲಿಪ್ಪು ಹಾಕಿಯೂ ತಮ್ಮ ಮೇಲೆ ವಿಶ್ವಾಸ ಹುಟ್ಟದ,
ಆದರೂ ತಮ್ಮ ವಿಶ್ವಾಸಿ,
ತಮ್ಮ ಕೆಳಗಿರುವ ತಲೆಯ ಹೆಂಡತಿ

ಮರೆತ ಮಾತು: ಕನ್ನಡಕದತ್ತಲೇ ಚಾಚಿದರು. ಪಾತ್ರ ಸಿಕ್ಕಿದೆ. ಬೋಳು ಇಷ್ಟು ಸಹಜವಾಗಿ ಕಾಣುವಂತೆ ಮೇಕಪ್ ಮಾಡಿದವರು ಯಾರು ಎಂದು ಅಲ್ಲಿದ್ದ ಇನ್ನೊಬ್ಬ ನಟರು ವಿಚಾರಿಸಿದರಂತೆ. ಈ ಪತ್ರವನ್ನು ಯಜಮಾನರೇ ಓದಿ, ಎರಡು ಕಡೆ ಕಾಗುಣಿತ ತಿದ್ದಿ, ಅಂಚೆಗೆ ಹಾಕಲು ತೆಗೆದುಕೊಂಡು ಹೋಗುತ್ತಿದ್ದಾರೆ. ಅಮ್ಮನನ್ನು ನೋಡಲು ಹೋಗುವಾಗಲಾದರೂ ತಮ್ಮನ್ನು ಹಾಕಿಕೊಳ್ಳುವಿರಾ, ಪಾಪ, ಅವರಿಗೆ ಮಗ ಕಾಣಬೇಕಲ್ಲ ಎಂದು ನಾನೇ ಯಜಮಾನರನ್ನು ಕೇಳಿದೆ. ಅವರು ಹೇಳಿದ್ದನ್ನು ಹಾಗೆಯೇ ಬರೆಯುತ್ತಿದ್ದೇನೆ: ‘ಬೇಡ ಬಿಡು. ಅದನ್ನ ಹಾಕ್ಕೊಂಡು ಹೋದ್ರೆ ನೋಡಿದ ತಕ್ಷಣ ಗಾಡಿ ಬಂತು ಏಳೋ ಅಂತಾಳೆ. ಕನ್ನಡಕದೋನಾಗಿ ಹೋದ್ರೆ ಕೂರ್ಸ್ಕೊಂಡು ನನ್ನ ಬಗ್ಗೆ ಮಾತಾಡ್ತಾಳೆ.’ ಆದ್ದರಿಂದ ಇನ್ನು ಮುಂದೆ ಭಾನುವಾರವೂ ತಮಗೆ ರಜೆ.