ಮೂರನೆಯ ಉಪಚಾರದವರೆಗೂ ಕುದಿದ ಕೆಟಲ್ ಮಹಾಶಯರಿಗೆ

ಕಾರ್ಕ್ ನಗರದ ನಮ್ಮ ಪ್ರಯೋಗಾಲಯದ ಅತಿಥಿ ಕೋಣೆಯಲ್ಲಿ ವಿರಾಜಮಾನರಾಗಿರುವ ಕೆಟಲ್ ಮಹಾಶಯರ ಬಿಸಿ ಸನ್ನಿಧಾನಕ್ಕೆ,

ಮಾನ್ಯರೇ,

ತಮ್ಮ ಹೊಟ್ಟೆ ಸದಾ ತುಂಬಿರಲಿ, ತಳಕ್ಕೆ ಸುಣ್ಣ ಕಟ್ಟದಿರಲಿ ಎಂದು ಹಾರೈಸುತ್ತಾ, ಪಾಲಿಮರ್ ಸೂಜಿ ತಯಾರಿಸುವ ಕಿರಿಯ ಸಂಶೋಧಕನಾದ ನಾನು ಅರಿಕೆ ಮಾಡಿಕೊಳ್ಳುವುದೇನೆಂದರೆ, ಕಳೆದ ಸೋಮವಾರ ತಾವು ನನ್ನ ಸೂಜಿಗಳಿಗೆ ಮಾಡಿದ ಸತ್ಕಾರವನ್ನು ನಾನಾಗಲಿ ಅವುಗಳಾಗಲಿ ಈ ಜನ್ಮದಲ್ಲಿ ಮರೆಯುವ ಹಾಗಿಲ್ಲ.

ತಮ್ಮ ಲೋಕಜ್ಞಾನ ನೀರಿನಾಚೆ ಹೋಗದಿರುವುದರಿಂದ ಹೇಳುತ್ತೇನೆ: ಪಾಕದಂಥ ದ್ರಾವಣವನ್ನು ಸಿಲಿಕೋನ್ ಅಚ್ಚಿಗೆ ಹೊಯ್ದು, ಯಂತ್ರದಲ್ಲಿ ಗರಗರ ತಿರುಗಿಸಿ, ತುದಿಯಲ್ಲಿ ಅವಿತ ಗಾಳಿಗುಳ್ಳೆಗಳನ್ನು ಓಡಿಸಿ, ನಿಧಾನವಾಗಿ ಒಣಗಿಸಿ, ಉಸಿರು ಬಿಗಿಹಿಡಿದು ಸುಲಿದರೆ, ಉಗುರಿನಷ್ಟಗಲದ ಪಟ್ಟಿಯ ಮೇಲೆ ಕಂಡೂ ಕಾಣದಂಥ ನೂರಾರು ಮೊನೆಗಳು ಎದ್ದು ನಿಲ್ಲುತ್ತವೆ. ಚರ್ಮಕ್ಕೆ ಒತ್ತಿದರೆ ನೋಯಿಸದೆ ಒಳಹೊಕ್ಕು, ಅಲ್ಲಿನ ತೇವದಲ್ಲಿ ಕರಗಿ, ಔಷಧವನ್ನು ಬಿಟ್ಟು ತಾವೇ ಇಲ್ಲವಾಗುತ್ತವೆ. ತೇವ ಕಂಡರೆ ಕರಗುವುದು ಅವುಗಳ ಧರ್ಮ. ಎಲ್ಲಿ ಕರಗಬೇಕೆಂಬುದನ್ನು ಮಾತ್ರ ಅಂದು ತಾವು ತೀರ್ಮಾನಿಸಿದಿರಿ.

ಅಂದು ಮಕ್ಕಳ ವಾರ್ಡಿನ ಸಿಸ್ಟರ್ ಅಟ್ರಾಕ್ಟಾ ಬಂದಿದ್ದರು. ದಿನವೂ ಇಂಜೆಕ್ಷನ್ ಬೇಕಾದ ಏಳು ವರ್ಷದ ಫೀಅಕ್ರ ಎಂಬ ಹುಡುಗ ಈ ಸಿಸ್ಟರನ್ನು ಕಂಡೊಡನೆ ಬಟ್ಟೆ ಬೀರುವಿನೊಳಗೆ ಸೇರಿ ಬಾಗಿಲು ಎಳೆದುಕೊಳ್ಳುತ್ತಾನೆ. ಪಟ್ಟಿ ಮನಸ್ಸಿಗೆ ಬಂದರೆ ಮೊದಲು ಅವನಿಗೇ ಎಂದಿದ್ದರು. ನಾನು ಪೊಟ್ಟಣ ಹರಿದು, ಔಷಧವಿಲ್ಲದ ಮಾದರಿ ಪಟ್ಟಿಗಳನ್ನು ತಟ್ಟೆಯಲ್ಲಿಟ್ಟೆ, ತಮ್ಮ ಮೂತಿಯ ಕೆಳಗೇ.

ನಮ್ಮ ಕಡೆ ಟೀ ಬೇಕೇ ಎಂದರೆ ಮೊದಲ ಸಲಕ್ಕೇ ಹೂಂ ಎಂದವರು ಹಸಿದವರು, ಎರಡನೆಯದಕ್ಕೆ ಎಂದವರು ಆಸೆಬುರುಕರು, ಮೂರನೆಯದಕ್ಕೆ ಎಂದವರು ಮಾತ್ರ ಮರ್ಯಾದಸ್ಥರೆಂಬುದು ತಮಗೆ ಗೊತ್ತೇ ಇದೆ. ಕೇಳಿದಾಗಲೆಲ್ಲ ತಮ್ಮ ಗುಂಡಿ ಒತ್ತುವುದು ಪ್ರಯೋಗಾಲಯದ ಡಿಂಪ್ನಾ ಅಕ್ಕನ ಪದ್ಧತಿ. "ಒಂದು ಕಪ್ ಟೀ, ಸಿಸ್ಟರ್?" ಎಂದರು ಅಕ್ಕ. "ಬೇಡಮ್ಮ, ಈಗಷ್ಟೇ ಕುಡಿದು ಬಂದೆ" ಎಂದರು ಸಿಸ್ಟರ್. ತಾವು ಕುದಿದಿರಿ. "ಅರ್ಧ ಕಪ್, ನನ್ನಾಣೆ." "ಸುಮ್ನಿರಿ, ನಿಮಗ್ಯಾಕೆ ತೊಂದ್ರೆ?" ಮತ್ತೆ ಕುದಿದಿರಿ. "ನೀರಂತೂ ಕಾದಿದೆ, ಚೆಲ್ಲಿಬಿಡ್ಲಾ?" "ಹಾಗಾದ್ರೆ ಒಂದು ಗುಟುಕು" ಎನ್ನುವಷ್ಟರಲ್ಲಿ ತಾವು ಮೂರನೆಯ ಸಲವೂ ಕುದಿದು, ತಟ್ಟೆಯನ್ನು ಆವಿಯಲ್ಲಿ ಮೀಯಿಸಿಬಿಟ್ಟಿದ್ದಿರಿ.

ಪಟ್ಟಿಯೊಂದನ್ನು ಮಣಿಕಟ್ಟಿಗೆ ಒತ್ತಿ, ತೆಗೆದು, ಮೆತ್ತಗಾಗಿ ಬಾಗಿದ ಮೊನೆಗಳನ್ನು ಭೂತಗನ್ನಡಿಯಲ್ಲಿ ನೋಡಿದ ಸಿಸ್ಟರ್, "ಇವು ಚುಚ್ಚೋ ಜಾತಿಯಲ್ಲ ಕಣಪ್ಪ, ಕಾಲಿಗೆ ಬೀಳೋ ಜಾತಿ" ಎಂದರು.

ಅವರು ಎದ್ದು ಹೋಗಿಬಿಡುತ್ತಿದ್ದರು. ಆದರೆ ತಮ್ಮ ಕೃಪೆಯಿಂದ ಟೀ ನಾಲಗೆ ಸುಡುವಷ್ಟಿತ್ತು. ಅವರು ಊದಿ ಊದಿ ಕುಡಿಯುವಷ್ಟರಲ್ಲಿ ನಾನು ಓಡಿ, ಬಿಗಿ ಮುಚ್ಚಳದ ಡಬ್ಬಿಯಲ್ಲಿದ್ದ ಇನ್ನೊಂದು ಪಟ್ಟಿ ತಂದೆ. "ಒತ್ತು ಮತ್ತೆ, ಏನು ಕಾಯ್ತಿದೀಯ?" ಎಂದರು ಸಿಸ್ಟರ್. ಅವರ ಮಣಿಕಟ್ಟಿಗೆ ಆಗಲೇ ಒತ್ತಿಯಾಗಿತ್ತು, ಅವರಿಗೆ ನೋವೇ ತಿಳಿದಿರಲಿಲ್ಲ. ಸಿಸ್ಟರ್ ಕಪ್ ಕೆಳಗಿಟ್ಟು, "ಗುರುವಾರ ಬಾ. ಖಾಲಿದೊಂದನ್ನ ಹುಡುಗನ ಕೈಗೆ ಹಚ್ಚಿ ನೋಡೋಣ, ಹಚ್ಚಗೊಟ್ಟರೆ" ಎಂದರು. ಹೀಗಾಗಿ ತಮ್ಮ ಋಣವೂ ಉಂಟೆಂದು ಹಲ್ಲು ಕಚ್ಚಿ ಒಪ್ಪಿಕೊಳ್ಳುತ್ತೇನೆ.

ಆದಕಾರಣ ತಾವು ಇನ್ನು ಮುಂದೆ ಆವಿಯಿಲ್ಲದೆ ಕುದಿಯಬೇಕು. ಆಗದಿದ್ದರೆ ಕಿಟಕಿಯಾಚೆ ಹೋಗಿ ಆವಿ ಬಿಟ್ಟು ಬರಬೇಕು. ಅದೂ ಆಗದಿದ್ದರೆ ಮೊದಲ ಸಲಕ್ಕೇ ಹೂಂ ಎನ್ನುವಂತೆ ಈ ದೇಶದವರಿಗೆ ಬುದ್ಧಿ ಹೇಳಬೇಕು. ಮೊದಲೆರಡೇ ಸುಲಭವೆಂದು ನನ್ನ ಅಭಿಪ್ರಾಯ.

ತಮ್ಮ ವಿಶ್ವಾಸಿ,
ರುವರಿ ಹ್ಯಾನ್ಲಿ

ತಾ.ಕ.: ಇದನ್ನು ಗುರುವಾರ, ವಾರ್ಡಿನ ಬಟ್ಟೆ ಬೀರುವಿನ ಮುಂದೆ ನೆಲದ ಮೇಲೆ ಕೂತು ಮುಗಿಸುತ್ತಿದ್ದೇನೆ. ಪೊಟ್ಟಣ ಇನ್ನೂ ಒಡೆದಿಲ್ಲ. ಕೇಳಿದ್ದಕ್ಕೆ ಫೀಅಕ್ರ ಒಳಗಿನಿಂದ "ಬೇಡ" ಅಂದ. ಸ್ವಲ್ಪ ಹೊತ್ತು ಬಿಟ್ಟು ಕೇಳಿದರೆ, "ನಿಮಗ್ಯಾಕೆ ತೊಂದ್ರೆ" ಅಂದ. ಊರ ಮರ್ಯಾದೆಯ ಪ್ರಕಾರ ಇನ್ನೊಂದೇ ಸಲ ಕೇಳುವುದು ಬಾಕಿ. ಅಲ್ಲಿಯವರೆಗೆ, ಇಲ್ಲಿ ಮೂಲೆಯಲ್ಲಿ ಆಗಲೇ ಗುಂಯ್‌ಗುಡಲು ಶುರುಮಾಡಿರುವ ತಮ್ಮ ಸೋದರನಾದ ವಾರ್ಡಿನ ಕೆಟಲ್‌ಗೆ ಬಾಯಿ ಮುಚ್ಚಿಕೊಂಡಿರಲು ಹೇಳುವುದು.