ಮನೆ ಬಿಟ್ಟು ಹೋಗದ ರೋಬೋ

ನಗುವ ಮನಸ್ಸಿಲ್ಲದವರ ಮನೆಗೇ ನಗುವಂಥ ಪ್ರಸಂಗಗಳು ಹುಡುಕಿಕೊಂಡು ಬರುತ್ತವೆ. ನಮ್ಮ ಮನೆಗೆ ಬರುವವೆಲ್ಲ ಒಂದು ರೋಬೋ ಆಟದ ಹಿಂದೆಯೇ ಬರುತ್ತವೆ. ಟಿವಿಗೆ ಸಿಕ್ಕಿಸುವ ಹಳೇ ಕಾಲದ ವೀಡಿಯೊ ಗೇಮ್. ಪುಟ್ಟ ರೋಬೋ ಎಡದಿಂದ ಬಲಕ್ಕೆ ಓಡುತ್ತದೆ, ಹಾರುತ್ತದೆ, ಕೈಯಿಂದ ಗುಂಡು ಹೊಡೆಯುತ್ತದೆ, ಹಳ್ಳಕ್ಕೆ ಬಿದ್ದು ಸಾಯುತ್ತದೆ, ಮತ್ತೆ ಎದ್ದು ಓಡುತ್ತದೆ. ಪೀಣ್ಯದ ಲೇತ್ ಶಾಪಿನಿಂದ ಬಂದ ನನ್ನ ಗಂಡ ಕೈ ತೊಳೆದವರೇ ಅದರ ಮುಂದೆ ಕೂರುತ್ತಿದ್ದರು. ಅವರು ತೀರಿಕೊಂಡ ಮೇಲೆ ಅವರ ಅಕ್ಕ, ಹೋದವರ ಇಷ್ಟದ ವಸ್ತು ಮನೆಯಲ್ಲಿದ್ದರೆ ಜೀವ ಅಲ್ಲೇ ಸುತ್ತುತ್ತದೆ, ಎಲ್ಲವನ್ನೂ ಯಾರಿಗಾದರೂ ಕೊಟ್ಟುಬಿಡು ಎಂದರು. ಬಟ್ಟೆ, ವಾಚು, ಸ್ಕೂಟರ್ ಕೊಟ್ಟೆ. ಇದೊಂದನ್ನು ಕೊಡಲಾಗಲಿಲ್ಲ. ಅವರ ಸಂಜೆಯ ಸದ್ದು ಉಳಿದಿರುವುದು ಇದರಲ್ಲಿ ಮಾತ್ರ.

ಸಂತಾಪ

ತಿಥಿಗೆ ಬರಲಾಗದ ಶಾಪಿನ ಸೂಪರ್‌ವೈಸರ್ ಒಂದು ಭಾನುವಾರ ಮಾತಾಡಿಸಲು ಬಂದರು. ಟಿವಿ ಎದುರಿನ ಕುರ್ಚಿಯಲ್ಲಿ ಕೂತರು. ಆಟ ಕಣ್ಣಿಗೆ ಬಿತ್ತು. ಅವನು ದಿನಾ ಇದರ ಮಾತೇ ಆಡ್ತಿದ್ದ, ಒಂದು ಸಲ ಆಡಲೇ ಮೇಡಂ ಎಂದು ಕೇಳಿದರು. ನಾನು ಕಾಫಿ ಕೊಟ್ಟೆ, ಅಡುಗೆ ಮುಗಿಸಿದೆ, ಮತ್ತೆ ಕಾಫಿ ಕೊಟ್ಟೆ. ಅವರು ಏಳಲಿಲ್ಲ. ಅಷ್ಟರಲ್ಲಿ ಅವರ ಹೆಂಡತಿಯ ಫೋನು ಬಂತು. ಟಿವಿಯಿಂದ ಕಣ್ಣು ತೆಗೆಯದೆ, ಫೋನನ್ನು ಭುಜಕ್ಕೆ ಒತ್ತಿಕೊಂಡು ಗದರಿದರು:

"ಸಾವಿನ ಮನೇಲಿದೀನಿ ಕಣೇ. ಆಗ್ಲೇ ಮೂರು ಸಲ ಸತ್ತಿದೀನಿ, ಈಗ ಡಿಸ್ಟರ್ಬ್ ಮಾಡ್ಬೇಡ."

ರಿಪೇರಿ

ರೋಬೋವನ್ನು ಹಾರಿಸುವ ಬಟನ್ ಮುರಿಯಿತು. ಅಂಗಡಿಯವರು, ಇದು ಈಗ ಎಲ್ಲೂ ಸಿಗುವುದಿಲ್ಲ, ಬಿಸಾಕಿ ಎಂದರು. ಮನಸ್ಸು ಬಾರದೆ ರಾಜಗೋಪಾಲನಗರದ ಮನೆಯಿಂದ ನಡೆದು ಗಂಡನ ಶಾಪಿಗೆ ಒಯ್ದೆ. ಅವರ ಜೊತೆಗಾರರು ಕೆಲಸ ಬಿಟ್ಟು ಸುತ್ತ ನಿಂತು, ಅಳತೆ ತೆಗೆದು, ಸ್ಟೀಲಿನಲ್ಲಿ ಹೊಸ ಬಟನ್ ಮಾಡಿ, ಪಾಲಿಶ್ ಹಾಕಿ ಕೊಟ್ಟರು. ಅದನ್ನು ಒತ್ತಲು ಎರಡೂ ಹೆಬ್ಬೆರಳು ಬೇಕು. ರೋಬೋ ಹಾರುವ ಮುಂಚೆ ನಾನೇ ಕುರ್ಚಿಯಿಂದ ಏಳಬೇಕು. ಸ್ವಲ್ಪ ಗಟ್ಟಿಯಾಯಿತಲ್ಲ ಎಂದೆ. ಪಾಲಿಶ್ ಹಾಕಿದವರು ಹೇಳಿದರು:

"ಮೊಮ್ಮಕ್ಕಳ ಕಾಲಕ್ಕೂ ಗ್ಯಾರಂಟಿ ಮೇಡಂ. ಅಷ್ಟರೊಳಗೆ ಟಿವಿ ಹೋದ್ರೆ ಮಾತ್ರ ನಮ್ಮನ್ನ ಕೇಳ್ಬೇಡಿ."

ಎಡೆ

ಪಿತೃಪಕ್ಷದಲ್ಲಿ ಹಿರಿಯರಿಗೆ ಎಡೆ ಇಡಲು ಗಂಡನ ಅಕ್ಕ ಚಿಕ್ಕಬಾಣಾವರದಿಂದ ಬಂದರು. ಆಟ ಇನ್ನೂ ಇರುವುದನ್ನು ಕಂಡು ಮುಖ ಊದಿಸಿದರು. ಕೊನೆಗೆ ತಾವೇ ತೀರ್ಮಾನಿಸಿದರು: ಇವತ್ತು ಇದನ್ನೂ ಎಡೆಗಿಡುವುದು, ಅವನ ಆಸೆ ತೀರಲಿ, ನಾಳೆ ತಾವು ಒಯ್ದು ಯಾರಿಗಾದರೂ ಕೊಡುವುದು. ನಾನು ಎಲೆ ತೊಳೆಯಲು ಎದ್ದೆ.

ಫೋಟೊ ಮುಂದೆ ಎಲೆ ಹಾಕಿ ಮುದ್ದೆ, ಬಾಡಿನ ಸಾರು ಬಡಿಸಿದರು. ಬ್ರಾಂದಿಯ ಮುಚ್ಚಳ ತೆಗೆದಿಟ್ಟರು, ಬೀಡಿ ಹಚ್ಚಿಟ್ಟರು. ಆಟವನ್ನೂ ಆನ್ ಮಾಡಿಸಿದರು. ಆಫ್ ಮಾಡಿಟ್ಟರೆ ಅವನು ಹೇಗೆ ಆಡುತ್ತಾನೆ ಎಂಬುದು ಅವರ ಪ್ರಶ್ನೆ. ಹಿರಿಯರು ಬಂದು ಉಣ್ಣಲೆಂದು ಬಾಗಿಲು ಮುಚ್ಚಿ ನಾವಿಬ್ಬರೂ ಹೊರಗೆ ಕೂತೆವು.

ಸ್ವಲ್ಪ ಹೊತ್ತಿಗೆ ಒಳಗಿನಿಂದ ರೋಬೋ ಓಡುವ, ಹಾರುವ, ಗುಂಡು ಹೊಡೆಯುವ ಸದ್ದು.

ಯಾರೂ ಬಟನ್ ಒತ್ತದಿದ್ದರೆ ಆ ಆಟ ತನ್ನಷ್ಟಕ್ಕೆ ತಾನೇ ಸ್ವಲ್ಪ ಆಡಿ ತೋರಿಸುತ್ತದೆ. ಅದು ನನಗೆ ಗೊತ್ತು. ಶಾಲೆಯಲ್ಲಿ ದಿನವಿಡೀ ತಪ್ಪು ತಿದ್ದುವವಳು ನಾನು. ಆದರೂ ಬಾಯಿ ಬಿಡಲಿಲ್ಲ. ಅಕ್ಕ ನನ್ನ ಕೈ ಗಟ್ಟಿಯಾಗಿ ಹಿಡಿದುಕೊಂಡರು. ಅವರ ಕಣ್ಣಲ್ಲಿ ನೀರಿಳಿಯುತ್ತಿತ್ತು. ಇದನ್ನು ಯಾರಿಗೂ ಕೊಡಬೇಡ ಕಣವ್ವ, ವರ್ಷಾವರ್ಷಾ ಇಡೋಣ ಎಂದರು. ಆಮೇಲೆ ಸೆರಗಿನಲ್ಲಿ ಮೂಗೊರೆಸಿಕೊಂಡು ಎದ್ದು ಹೋಗಿ, ಮುಚ್ಚಿದ ಬಾಗಿಲು ಬಡಿದರು:

"ಲೋ, ಆಟ ಆಮೇಲಾಡೀವಂತೆ. ಮೊದ್ಲು ಉಣ್ಣೋ, ಮುದ್ದೆ ತಣ್ಣಗಾಯ್ತದೆ."